ಒದ್ದೆ ಬಟ್ಟೆಯೊಂದೇ ಸಾಕ್ಷಿಯಲ್ಲ

ಹಸುಗೂಸಿನ ಬಟ್ಟೆ ಒದ್ದೆಯಾಯಿತೆಂದರೆ ಮನೆಯ ಹಿರಿಯರಿಗೆ ನೆಮ್ಮದಿ. ಬಹುಪಾಲು ಶಿಶುಗಳು ಹುಟ್ಟಿದ 24 ಗಂಟೆಗಳೊಳಗೆ ಮೂತ್ರ ವಿಸರ್ಜಿಸುವುದರಿಂದ ಆ ನೆಮ್ಮದಿ ಸಹಜವಾದುದೇ. ಆದರೆ ಬೆನ್ನುಹುರಿಯ ದೋಷದೊಡನೆ ಜನಿಸಿದ ಮಕ್ಕಳಲ್ಲಿ ಒದ್ದೆ ಬಟ್ಟೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಈ ಮಾತನ್ನು ಈ ಸಲ ನಮ್ಮ ಓದುಗ ಕುಟುಂಬಗಳ ಮುಂದಿಡಬಯಸುತ್ತೇವೆ.

ಬೆನ್ನೆಲುಬು ಪೂರ್ಣವಾಗಿ ಕೂಡಿಕೊಳ್ಳದಿರುವ ಈ ದೋಷಕ್ಕೆ ವೈದ್ಯರು ಸ್ಪೈನಾ ಬೈಫಿಡಾ ಎನ್ನುವರು. ಇದರಲ್ಲಿ ಮೂತ್ರಕೋಶದ ನರಗಳು ಸರಿಯಾಗಿ ಕೆಲಸ ಮಾಡದಿರಬಹುದು. ಆಗ ಕೋಶವು ತುಂಬಿ ತುಳುಕಿದಾಗ ಮಾತ್ರ ಮೂತ್ರ ಹನಿಹನಿಯಾಗಿ ಸೋರುತ್ತದೆ. ಬಟ್ಟೆ ಒದ್ದೆಯಾಗುತ್ತದೆ, ಕೋಶ ಬರಿದಾಗುವುದಿಲ್ಲ. ಒಳಗಿನ ಒತ್ತಡ ಹೆಚ್ಚಿ, ಮೂತ್ರ ಹಿಮ್ಮುಖವಾಗಿ ಹರಿದು, ಮೂತ್ರಪಿಂಡಗಳು ಸದ್ದಿಲ್ಲದೆ ಕೆಡಬಹುದು.

ಆದುದರಿಂದ ಎರಡು ಅಳತೆಗಳು ಬೇಕು. ಮೊದಲನೆಯದು ಹೊರಬಂದದ್ದರ ಅಳತೆ. ಒಣ ಬಟ್ಟೆಯನ್ನೂ ಒದ್ದೆ ಬಟ್ಟೆಯನ್ನೂ ತೂಗಿದರೆ, ಹೆಚ್ಚಿದ ಒಂದೊಂದು ಗ್ರಾಂ ಸುಮಾರು 1 ಮಿ.ಲೀ. ಮೂತ್ರಕ್ಕೆ ಸಮ. ಎರಡನೆಯದು ಒಳಗುಳಿದದ್ದರ ಅಳತೆ. ಸ್ಕ್ಯಾನಿಂಗ್‌ನಲ್ಲಿ ಕೋಶದ ಉದ್ದ, ಅಗಲ, ಆಳಗಳನ್ನು ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, ಬಂದುದನ್ನು ಮತ್ತೆ 0.52ರಿಂದ ಗುಣಿಸುವರು. ಉದ್ದ 4, ಅಗಲ 3, ಆಳ 3 ಇದ್ದರೆ ಸುಮಾರು 19 ಮಿ.ಲೀ. ಆಯಿತು. ನಮಗದು ನಾಲ್ಕು ಚಹಾ ಚಮಚೆ. 3 ಕಿಲೋ ತೂಕದ ಕೂಸಿಗೆ ತುಂಬಿದ ಕೋಶ. ಹೊಟ್ಟೆಯೊಳಗೆ ಬೇರೆ ನೀರು ತುಂಬಿದ್ದರೆ ತಾನಾಗಿ ಲೆಕ್ಕ ಹೇಳುವ ಯಂತ್ರವೂ ಮೋಸಹೋಗಬಹುದು. ಸಂಶಯ ಬಂದಾಗ ವೈದ್ಯರು ಮೃದುವಾದ ಸಣ್ಣ ನಳಿಕೆಯಿಂದ ಮೂತ್ರ ತೆಗೆದು ಅಳೆಯುವುದು ಇದಕ್ಕಾಗಿಯೇ.

‘ಇಷ್ಟು ಎಳೆಗೂಸಿಗೆ ನಳಿಕೆಯೇ?’ ಎಂದು ಅಜ್ಜಿಯರ ಮನ ಕರಗುವುದನ್ನು ನಾವು ಬಲ್ಲೆವು. ಆದರೆ ದಿನಕ್ಕೆ ಹಲವು ಬಾರಿ ಶುಚಿಯಾದ ನಳಿಕೆಯಿಂದ ಕೋಶವನ್ನು ಬರಿದುಮಾಡುವ ಕ್ರಮವನ್ನು 1972ರಲ್ಲಿ ಅಮೆರಿಕದ ಮಿಚಿಗನ್‌ನ ಡಾ. ಜ್ಯಾಕ್ ಲ್ಯಾಪಿಡಿಸ್ ಪ್ರಚುರಪಡಿಸಿದ ಮೇಲೆ ಅನೇಕ ರೋಗಿಗಳ ಮೂತ್ರಪಿಂಡಗಳು ಉಳಿದಿವೆ. ವೈದ್ಯರೂ ದಾದಿಯರೂ ಕಲಿಸಿಕೊಟ್ಟರೆ ತಾಯಿಯೇ ಮನೆಯಲ್ಲಿ ಇದನ್ನು ಮಾಡಬಲ್ಲಳು.

ಅಂಥ ಮಗುವಿರುವ ಮನೆಯವರು ವೇಳೆಯನ್ನೂ ಅಳತೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಜ್ವರ ಬಂದರೆ, ಕಿಬ್ಬೊಟ್ಟೆ ಉಬ್ಬಿದರೆ, ಮೂತ್ರ ನಿಂತರೆ ಕಾಯದೆ ಆಸ್ಪತ್ರೆಗೆ ಒಯ್ಯಲಿ. ಮಾತು ಬಾರದ ಕೂಸಿನ ಪರವಾಗಿ ಆ ಅಂಕಿಗಳೇ ಮಾತನಾಡಬೇಕು.