ಬೆಂಬಲ ಪತ್ರ ಬರೆಯೋ ಮುಂಚೆ ಎಲ್ ಪಾಸೋ ಕಥೆ ಕೇಳಿ

ಚುನಾವಣೆ ಹತ್ತಿರ ಬಂತು ಅಂದ್ರೆ ನಮ್ಮ ಗಡಿ ತಾಲ್ಲೂಕುಗಳಲ್ಲಿ ಒಂದು ಫೋಟೋ ತಪ್ಪದೆ ಬರುತ್ತೆ. ಹಾಲಿ ಶಾಸಕರ ಮನೆ ಹಾಲ್. ಮಧ್ಯದಲ್ಲಿ ಶಾಸಕರು, ಎರಡೂ ಕಡೆ ನಮ್ಮ ಯಾವುದೋ ಸಂಘದ ಹಿರಿಯರು. ಕೈಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಕೆಳಗೆ ಒಂದು ಸಾಲು: ‘ಕನ್ನಡಿಗರ ಸಂಪೂರ್ಣ ಬೆಂಬಲ.’

ಯಾವುದಕ್ಕೆ ಬೆಂಬಲ? ಯಾವ ಷರತ್ತಿನ ಮೇಲೆ? ಐದು ವರ್ಷದಲ್ಲಿ ಅವರು ನಮ್ಮ ಶಾಲೆಗೆ ಏನು ಮಾಡಿದ್ರು? ಇದನ್ನ ಕೇಳಿದ್ರೆ ‘ಸುಮ್ನಿರಪ್ಪ, ಗೆಲ್ಲೋರ ಜೊತೆ ಇರಬೇಕು’ ಅನ್ನೋ ಉತ್ತರ. ಈ ಮಾತನ್ನ ನಾನು ಹುಟ್ಟಿದಾಗಿನಿಂದ ಕೇಳ್ತಾ ಇದ್ದೀನಿ. ಗೆಲ್ಲೋರ ಜೊತೆ ಇದ್ದೂ ಇದ್ದೂ ನಾವು ಎಷ್ಟು ಗೆದ್ದಿದ್ದೀವಿ ಅಂತ ಯಾರೂ ಲೆಕ್ಕ ಹಾಕಿಲ್ಲ.

ಇವತ್ತು ನಮ್ಮ ಗಡಿ ಬಿಟ್ಟು ಇನ್ನೊಂದು ಗಡಿಯ ಕಥೆ ಹೇಳ್ತೀನಿ. ಅಮೆರಿಕದ ಟೆಕ್ಸಸ್. 1972. ಅಧ್ಯಕ್ಷ ರಿಚರ್ಡ್ ನಿಕ್ಸನ್ ಎರಡನೇ ಸಲ ಗೆಲ್ಲೋಕೆ ಹೊರಟಿದ್ದ ವರ್ಷ.

ಮೊದಲು ಆ ಜನ ಯಾರು ಅಂತ ತಿಳ್ಕೊಳ್ಳಿ. 1848ರಲ್ಲಿ ಮೆಕ್ಸಿಕೋ ಯುದ್ಧ ಸೋತು ಒಪ್ಪಂದಕ್ಕೆ ಸಹಿ ಹಾಕ್ತು, ರಿಯೋ ಗ್ರಾಂಡೆ ನದಿ ಗಡಿ ಆಯ್ತು. ನದಿಯ ಈಚೆ ದಡದಲ್ಲಿದ್ದ ಸ್ಪ್ಯಾನಿಷ್ ಮಾತಾಡೋ ಕುಟುಂಬಗಳು ಇದ್ದ ಮನೆಯಲ್ಲೇ ಇದ್ದು ಬೇರೆ ದೇಶದವರಾದರು. ಆಮೇಲೆ ಕೂಲಿಗೆ ಅಂತ ಬಂದು ಸೇರಿದವರೂ ಬೇಕಾದಷ್ಟು ಜನ, ಅದು ಬೇರೆ ಮಾತು. ‘ನಾವು ಗಡಿ ದಾಟಿಲ್ಲ, ಗಡಿಯೇ ನಮ್ಮನ್ನ ದಾಟಿತು’ ಅಂತ ಅಲ್ಲಿನ ಹಳಬರು ಹೇಳ್ತಾರೆ. 1956ರ ನವೆಂಬರ್ 1ನೇ ತಾರೀಕು ನಮ್ಮ ಅಜ್ಜ ಅಜ್ಜಿಯರಿಗೆ ಆಗಿದ್ದೂ ಇದೇ ಅಲ್ವಾ?

ಆ ಟೆಕ್ಸಸ್‌ನಲ್ಲಿ ಕ್ರಿಸ್ಟಲ್ ಸಿಟಿ ಅಂತ ಒಂದು ಸಣ್ಣ ಊರು. ಪಾಲಕ್ ಸೊಪ್ಪು ಬೆಳೆಯೋ ಊರು, ಅದಕ್ಕೇ ಊರ ನಡುವೆ ಕಾರ್ಟೂನಿನ ಪೊಪಾಯ್ ಪ್ರತಿಮೆ ನಿಲ್ಲಿಸಿದ್ದಾರೆ. ಊರಲ್ಲಿ ಹೆಚ್ಚಿನವರು ಮೆಕ್ಸಿಕನ್ ಮೂಲದವರು. ಆದ್ರೆ ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡಿದ್ರೆ ಶಿಕ್ಷೆ. 1969ರ ಡಿಸೆಂಬರ್‌ನಲ್ಲಿ ಮಕ್ಕಳು ಶಾಲೆ ಬಿಟ್ಟು ಬೀದಿಗೆ ಬಂದರು. ಕಿಡಿ ಹೊತ್ತಿದ್ದು ಸಣ್ಣ ವಿಷಯಕ್ಕೆ, ಶಾಲೆಯ ಚಿಯರ್‌ಲೀಡರ್ ಆಯ್ಕೆಯಲ್ಲಿ ತಮ್ಮ ಹುಡುಗಿಯರಿಗೆ ಜಾಗ ಕೊಡಲ್ಲ ಅಂತ. ಬೇಡಿಕೆಪಟ್ಟಿ ಬೆಳೀತಾ ಬೆಳೀತಾ ನಮ್ಮ ಭಾಷೆಯಲ್ಲೂ ಪಾಠ ಬೇಕು ಅನ್ನೋವರೆಗೆ ಬಂತು. ಸಾವಿರಕ್ಕೂ ಮೀರಿ ಮಕ್ಕಳು ಹೊರಗಿದ್ದರು. ಆಡಳಿತ ಬಗ್ಗಿತು.

ಇಲ್ಲಿಗೇ ನಿಂತಿದ್ರೆ ಅದೊಂದು ಪ್ರತಿಭಟನೆ ಅಷ್ಟೇ, ನಾವೂ ಮಾಡ್ತೀವಿ, ಪೇಪರಲ್ಲಿ ಫೋಟೋ ಬರುತ್ತೆ. ಅವರು ನಿಲ್ಲಲಿಲ್ಲ. ಹೋಸೆ ಏಂಜೆಲ್ ಗುಟಿಯೆರೆಜ್ ಅನ್ನೋ ಯುವಕ ಮತ್ತವರ ಗೆಳೆಯರು ‘ಲಾ ರಾಸಾ ಉನಿದಾ’ ಅಂತ ತಮ್ಮದೇ ಪಕ್ಷ ಕಟ್ಟಿ 1970ರ ಏಪ್ರಿಲ್‌ನಲ್ಲಿ ಶಾಲಾ ಮಂಡಳಿಗೆ ನಿಂತು ಗೆದ್ದರು. ಶಾಲೆ ಮುಂದೆ ಕೂಗಾಡಿದ ಮಕ್ಕಳ ಊರಲ್ಲಿ, ನಾಲ್ಕೇ ತಿಂಗಳಿಗೆ, ಮೇಷ್ಟ್ರನ್ನ ನೇಮಿಸೋ ಕುರ್ಚಿ ಅವರ ಕೈಗೆ ಬಂತು. ಚಿಕ್ಕ ಕ್ಲಾಸುಗಳಿಗೆ ಎರಡೂ ಭಾಷೆಯಲ್ಲಿ ಪಾಠ ಶುರುವಾಯ್ತು.

ಈಗ ನಿಕ್ಸನ್. ಮರುಚುನಾವಣೆಗೆ ಸ್ಪ್ಯಾನಿಷ್ ಮತ ಬೇಕು ಅಂತ ಅವರ ಕಡೆಯವರಿಗೆ ಚೆನ್ನಾಗಿ ಗೊತ್ತಿತ್ತು. 1971ರಲ್ಲಿ ರೊಮಾನಾ ಅಕೋಸ್ಟಾ ಬಾನ್ಯುವೆಲೋಸ್ ಅನ್ನೋ ಮೆಕ್ಸಿಕನ್ ಮೂಲದ ಉದ್ಯಮಿಯನ್ನ ದೇಶದ ಟ್ರೆಷರರ್ ಮಾಡಿದ್ರು. ಅಂದ್ರೆ ಡಾಲರ್ ನೋಟಿನ ಮೇಲೆ ಸ್ಪ್ಯಾನಿಷ್ ಹೆಸರಿನ ಸಹಿ. ದೊಡ್ಡ ಗೌರವವೇ, ಇಲ್ಲ ಅನ್ನಲ್ಲ. ಆದ್ರೆ ನೋಟಿನ ಮೇಲಿನ ಸಹಿಯಿಂದ ಟೆಕ್ಸಸ್‌ನ ಯಾವ ಮಗುವಿಗೂ ತನ್ನ ಭಾಷೆಯ ಮೇಷ್ಟ್ರು ಸಿಗಲಿಲ್ಲ. ಶಾಲು ಹೊದಿಸಿ ಕೂರಿಸೋದು ನಮ್ಮೂರಲ್ಲಿ ಮಾತ್ರ ಅಲ್ಲ ನೋಡಿ.

ಅದಕ್ಕಿಂತ ಕೆಟ್ಟದ್ದು ಒಳಗೆ ನಡೀತಿತ್ತು. ವಾಟರ್‌ಗೇಟ್ ತನಿಖೆ ಮಾಡಿದ ಸೆನೆಟ್ ಸಮಿತಿ ಅದನ್ನ ಹೊರಗೆಳೀತು. ‘ರೆಸ್ಪಾನ್ಸಿವ್‌ನೆಸ್ ಪ್ರೋಗ್ರಾಂ’ ಅಂತ ಚೆಂದದ ಹೆಸರು. ಫ್ರೆಡ್ ಮಾಲೆಕ್ ಅನ್ನೋ ಶ್ವೇತಭವನದ ಅಧಿಕಾರಿ ಅದರ ರೂವಾರಿ. ಸರ್ಕಾರದ ಅನುದಾನ, ಗುತ್ತಿಗೆ, ಹುದ್ದೆ ಇವನ್ನೆಲ್ಲ ಅಧ್ಯಕ್ಷರ ಮರುಆಯ್ಕೆಗೆ ಬಳಸೋದು ಹೇಗೆ ಅನ್ನೋದೇ ಅದರ ಕೆಲಸ. ಸ್ಪ್ಯಾನಿಷ್ ಸಮುದಾಯದ ಸಂಸ್ಥೆಗಳಲ್ಲಿ ಯಾರು ನಮ್ಮ ಕಡೆ, ಯಾರು ಅಲ್ಲ ಅಂತ ನೋಡಿ ಅನುದಾನದ ಬಗ್ಗೆ ಯೋಚಿಸ್ತಿದ್ರು. ಜನರ ತೆರಿಗೆ ದುಡ್ಡು ಜನರಿಗೇ ಕೊಡೋಕೆ ಬೆಂಬಲದ ಸರ್ಟಿಫಿಕೇಟ್ ಬೇಕು! ಅಕಾಡೆಮಿ, ಪ್ರಾಧಿಕಾರ, ಸಮ್ಮೇಳನದ ಧನಸಹಾಯಕ್ಕೆ ಓಡಾಡಿದ ನಮ್ಮ ಸಂಘದವರಿಗೆ ಈ ವಾಸನೆ ಗೊತ್ತಿರುತ್ತೆ. ಗಡಿಯ ಆಚೆ ಸರ್ಕಾರ ಇರಲಿ, ಈಚೆ ಸರ್ಕಾರ ಇರಲಿ.

1972ರ ಸೆಪ್ಟೆಂಬರ್ ಮೊದಲ ವಾರ ರಾಸಾ ಉನಿದಾ ಪಕ್ಷದ ರಾಷ್ಟ್ರೀಯ ಸಮಾವೇಶ ಎಲ್ ಪಾಸೋದಲ್ಲಿ ಸೇರಿತು. ಎಲ್ ಪಾಸೋ ಅಂದ್ರೆ ಗಡಿಯ ಮೇಲೇ ಇರೋ ಪಟ್ಟಣ, ನದಿ ದಾಟಿದ್ರೆ ಮೆಕ್ಸಿಕೋ. ಪ್ರಶ್ನೆ ಒಂದೇ: ಹಾಲಿ ಅಧ್ಯಕ್ಷ ನಿಕ್ಸನ್‌ಗೆ ಬೆಂಬಲವೋ, ಎದುರಾಳಿ ಮೆಕ್‌ಗವರ್ನ್‌ಗೋ? ಒಳಗೆ ಜಗಳವೂ ಇತ್ತು. ಎರಡೂ ಕಡೆಯವರನ್ನ ಕಾಯಿಸಿ ಚೌಕಾಸಿ ಮಾಡೋಣ ಅನ್ನೋದು ಗುಟಿಯೆರೆಜ್ ಲೆಕ್ಕ. ಡೆನ್ವರ್‌ನ ಕೋರ್ಕಿ ಗೊನ್ಜಾಲೆಸ್‌ಗೆ ಆ ಎರಡು ಪಕ್ಷದ ನೆರಳೂ ಬೇಡ. ಕೊನೆಗೆ ತೀರ್ಮಾನ ಆಯ್ತು: ಇಬ್ಬರಿಗೂ ಬೆಂಬಲ ಇಲ್ಲ. ನಮ್ಮ ಅಭ್ಯರ್ಥಿಗಳಿಗೆ ನಾವು ದುಡೀತೀವಿ.

ಫಲಿತಾಂಶ ಮುಚ್ಚಿಡಲ್ಲ. ನಿಕ್ಸನ್ 50ರಲ್ಲಿ 49 ರಾಜ್ಯ ಗೆದ್ದರು. ಸ್ಪ್ಯಾನಿಷ್ ಮತ ಹಿಂದಿನಿಂದ ಡೆಮಾಕ್ರಟಿಕ್ ಪಕ್ಷದ್ದು, ಹಾಗಾಗಿ ಇವರು ಸುಮ್ಮನಿದ್ದದ್ದೇ ನಿಕ್ಸನ್‌ಗೆ ಲಾಭ ಅಂತ ವಾದಿಸಬಹುದು, ಅದರಲ್ಲಿ ಸತ್ಯ ಇದೆ. ಎಪ್ಪತ್ತರ ದಶಕ ಮುಗಿಯೋ ಹೊತ್ತಿಗೆ ಪಕ್ಷವೇ ಕರಗಿಹೋಯ್ತು. ಆದ್ರೆ ಅದೇ 1972ರಲ್ಲಿ ಟೆಕ್ಸಸ್ ಗವರ್ನರ್ ಸ್ಥಾನಕ್ಕೆ ನಿಂತ ಅವರ ರಾಮ್ಸೆ ಮುನ್ಯೋಸ್ ಎರಡು ಲಕ್ಷಕ್ಕೂ ಹೆಚ್ಚು ಮತ ತಗೊಂಡ್ರು, ಸುಮಾರು 6 ಪರ್ಸೆಂಟ್. ಗೆದ್ದವರಿಗೂ ಎರಡನೆಯವರಿಗೂ ಅಂತರ ಒಂದು ಲಕ್ಷ ಮಾತ್ರ! ಈ ಜನ ಯಾರ ಜೇಬಲ್ಲೂ ಇಲ್ಲ ಅಂತ ಟೆಕ್ಸಸ್‌ಗೆ ಅವತ್ತು ಅರ್ಥ ಆಯ್ತು. 1975ರಲ್ಲಿ ಅಮೆರಿಕದ ಮತದಾನ ಹಕ್ಕು ಕಾಯ್ದೆಗೆ ಭಾಷಾ ಅಲ್ಪಸಂಖ್ಯಾತರನ್ನ ಸೇರಿಸಿದ್ರು, ಟೆಕ್ಸಸ್‌ನಲ್ಲಿ ಬ್ಯಾಲೆಟ್ ಪೇಪರ್ ಸ್ಪ್ಯಾನಿಷ್‌ನಲ್ಲೂ ಬರೋ ಹಾಗಾಯ್ತು. ಒಂದೇ ಪಕ್ಷದಿಂದ ಆದದ್ದಲ್ಲ ಅದು, ಎಷ್ಟೋ ಸಂಘಟನೆಗಳ, ವಕೀಲರ ಶ್ರಮ ಇದೆ. ಹಾರ ಹಾಕಿ ತಗೊಂಡದ್ದಂತೂ ಅಲ್ಲ.

‘ಅಮೆರಿಕ ಬಿಡಪ್ಪ, ಇಲ್ಲಿ ಆಗಲ್ಲ’ ಅನ್ನೋರಿಗೆ: ಇಲ್ಲಿ ಅವರಿಗಿಂತ ಮೊದಲೇ ಆಗಿದೆ. 1957ರಲ್ಲಿ ಕೇರಳದ ಮೊದಲ ವಿಧಾನಸಭಾ ಚುನಾವಣೆ. ಮಂಜೇಶ್ವರದಿಂದ ಎಂ. ಉಮೇಶ್ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ಕಾಸರಗೋಡಿನ ಕನ್ನಡ ಹೋರಾಟ ಆಗ ಅಷ್ಟು ಗಟ್ಟಿಯಾಗಿತ್ತು. ಆಮೇಲೆ ಕಳ್ಳಿಗೆ ಮಹಾಬಲ ಭಂಡಾರಿ ಅಲ್ಲಿಂದಲೇ ಗೆದ್ದರು. 1957ರ ಮೇ ತಿಂಗಳಲ್ಲಿ ರಾಜೇಂದ್ರ ಪ್ರಸಾದ್ ಎರಡನೇ ಸಲ ರಾಷ್ಟ್ರಪತಿಯಾದಾಗ ಮಂಜೇಶ್ವರದ ಶಾಸಕರಿಗೂ ಒಂದು ಓಟಿತ್ತು. ಗುಪ್ತ ಮತದಾನ, ಯಾರಿಗೆ ಹಾಕಿದ್ರೋ ನಾವು ಕೇಳೋ ಹಾಗಿಲ್ಲ. ಇದನ್ನ ಯಾಕೆ ಹೇಳ್ತೀನಿ ಅಂದ್ರೆ, ರಾಷ್ಟ್ರಪತಿ ಅಂದ್ರೆ ನಮಗೆ ಸಂಬಂಧ ಇಲ್ಲದ ದೊಡ್ಡ ಮನೆ ಅಂದ್ಕೊಂಡಿದ್ದೀವಿ. ಸಂವಿಧಾನದ 347ನೇ ವಿಧಿ ಓದಿ: ರಾಜ್ಯದ ಜನಸಂಖ್ಯೆಯ ಗಣನೀಯ ಭಾಗ ಬಯಸುತ್ತೆ ಅಂತ ಮನವರಿಕೆಯಾದ್ರೆ, ಆ ಭಾಷೆಗೆ ಇಡೀ ರಾಜ್ಯದಲ್ಲಿ ಇಲ್ಲವೇ ಅದರ ಒಂದು ಭಾಗದಲ್ಲಿ ಮಾನ್ಯತೆ ಕೊಡಿ ಅಂತ ರಾಷ್ಟ್ರಪತಿ ಹೇಳಬಹುದು. 350ಬಿ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಅಧಿಕಾರಿಯನ್ನ ನೇಮಿಸೋದೂ ಅವರೇ. ಅವರನ್ನ ಆರಿಸೋದು ಸಂಸದರು, ಶಾಸಕರು. 2022ರ ಚುನಾವಣೆಯಲ್ಲಿ ಮಂಜೇಶ್ವರ ಶಾಸಕರ ಮತದ ಮೌಲ್ಯ 152, ಅಕ್ಕಲಕೋಟೆಯವರದ್ದು 175, ತಾಳವಾಡಿ ಕಡೆಯವರದ್ದು 176. ಅವರು ಆ ಮತ ಹಾಕೋಕೆ ಹೋಗುವಾಗ ನಮ್ಮಲ್ಲಿ ಒಬ್ಬರಾದ್ರೂ ಹೋಗಿ 347ರ ಬಗ್ಗೆ ಕೇಳಿದ್ವಾ?

ಜತ್ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 2022ರ ಕೊನೆಯಲ್ಲಿ ‘ನೀರು ಕೊಡದಿದ್ರೆ ಕರ್ನಾಟಕಕ್ಕೆ ಸೇರ್ತೀವಿ’ ಅನ್ನೋ ಮಾತು ಎದ್ದಿದ್ದೇ ತಡ, ವರ್ಷಗಟ್ಟಲೆ ಮಲಗಿದ್ದ ಮ್ಹೈಸಾಳ ವಿಸ್ತರಣೆ ಫೈಲಿಗೆ ಮುಂಬೈಯಲ್ಲಿ ಜೀವ ಬಂತು. ಮಂತ್ರಿಗಳಿಗೆ ಜತ್ ತಾಲ್ಲೂಕಿನ ದಾರಿ ನೆನಪಾಯ್ತು. ನಾವು ಕೈ ತಪ್ಪಬಹುದು ಅಂತ ಅನ್ನಿಸಿದಾಗಲೇ ಅವರು ನಮ್ಮ ಕಡೆ ತಿರುಗಿ ನೋಡಿದ್ದು.

ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಶಾಲೆ ಕಟ್ಟಡಕ್ಕೆ, ಒಂದು ಭವನಕ್ಕೆ ಅವರು ಎಷ್ಟು ಬಾಗಿಲು ಕಾದಿದ್ದಾರೆ ಅಂತ ನೋಡಿದ್ದೀನಿ. ಆದ್ರೆ ಕಾಸರಗೋಡಿನ ಕನ್ನಡ ಶಾಲೆಗೆ ಕನ್ನಡವೇ ಬಾರದ ಮೇಷ್ಟ್ರು ಬಂದು ಕೂತಾಗ ಧರಣಿ ಕೂತವರು ಮಕ್ಕಳು, ತಾಯಂದಿರು. ಬೆಂಬಲ ಪತ್ರಕ್ಕೆ ಸಹಿ ಹಾಕೋಕೆ ಮಾತ್ರ ಅವರನ್ನ ಯಾರೂ ಕೇಳಿರಲಿಲ್ಲ.

ಮುಂದಿನ ಚುನಾವಣೆ ಯಾವುದೇ ಇರಲಿ, ಪಂಚಾಯ್ತಿಯೇ ಇರಲಿ, ನಿಮ್ಮ ತಾಲ್ಲೂಕಿನ ಹಾಲಿ ಸದಸ್ಯರಿಗೂ ಎದುರು ನಿಂತವರಿಗೂ ಒಂದೇ ಪತ್ರ ಕೊಡಿ. ನಮ್ಮ ಕನ್ನಡ ಶಾಲೆಗಳಲ್ಲಿ ಎಷ್ಟು ಹುದ್ದೆ ಖಾಲಿ, ಬಂದ ಮೇಷ್ಟ್ರಿಗೆ ಕನ್ನಡ ಬರುತ್ತಾ, ಕಚೇರಿಯ ಫಾರಂ ಕನ್ನಡದಲ್ಲಿ ಯಾವಾಗ ಸಿಗುತ್ತೆ. ಖಾಲಿ ಹುದ್ದೆಯ ಲೆಕ್ಕಕ್ಕೆ ಮಾಹಿತಿ ಹಕ್ಕಿನ ಅರ್ಜಿ ಈಗಲೇ ಹಾಕಿ, ಉತ್ತರ ಬರೋಕೆ ತಿಂಗಳು ಬೇಕು. ಅಭ್ಯರ್ಥಿಗಳಿಗೆ ಹದಿನೈದು ದಿನ ಟೈಮ್ ಕೊಡಿ. ಬರವಣಿಗೆಯಲ್ಲಿ ಉತ್ತರ ಬರೋವರೆಗೆ ಯಾವ ಸಂಘದ ಲೆಟರ್‌ಹೆಡ್ಡೂ ಹೊರಗೆ ಬರಬಾರದು. ಉತ್ತರ ಬಂದ್ರೆ ಫೋಟೋ ತೆಗೆದು ಈ ಪೇಜಿಗೆ ಕಳಿಸಿ, ಬರದಿದ್ರೆ ನೀವು ಕೊಟ್ಟ ಪತ್ರದ ಸ್ವೀಕೃತಿ ಕಳಿಸಿ. ಎರಡನ್ನೂ ಹಾಕ್ತೀವಿ.