ಬಾವಲಿ ಬಿಟ್ಟ ಅಡಿಕೆ, ನಮ್ಮ ಕೈಯ ಎಚ್ಚರ

ಬೆಳಿಗ್ಗೆ ತೋಟಕ್ಕಿಳಿದರೆ ಬಾವಲಿ ಚೀಪಿ ಬಿಸಾಡಿದ ಅಡಿಕೆ ಮರದ ಬುಡದಲ್ಲಿ ಬಿದ್ದಿರುತ್ತದೆ. ಸಿಪ್ಪೆಯ ಸಿಹಿ ಅದಕ್ಕೆ, ಒಳಗಿನ ಅಡಿಕೆ ನಮಗೆ. ಕಾಸರಗೋಡು ಕಡೆ ಇದನ್ನು ಹೆಕ್ಕಿ ಕೈಖರ್ಚಿಗೆ ಮಾಡಿಕೊಳ್ಳುವುದು ಇಂದು ನಿನ್ನೆಯ ಮಾತಲ್ಲ. ಹಗಲಿಡೀ ಈ ಬಾವಲಿಗಳು ನೇತಾಡುವುದು ಕಾಡಿನಲ್ಲೇ ಎಂದಿಲ್ಲ, ಪೇಟೆ ನಡುವಿನ ಗೋಳಿಮರವೂ ಅವಕ್ಕೆ ಮನೆಯೇ.

ಆದರೆ 2018ರ ನಂತರ ಈ ಹಳೇ ಲೆಕ್ಕವನ್ನು ಹಾಗೇ ಬಿಡುವಂತಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಕೋಝಿಕ್ಕೋಡು ಜಿಲ್ಲೆಯ ಪೇರಾಂಬ್ರದ ಕಡೆ ಕಾಣಿಸಿಕೊಂಡ ನಿಪಾ ಜ್ವರಕ್ಕೆ 17 ಮಂದಿ ಬಲಿಯಾದರು. ರೋಗಿಯ ಆರೈಕೆ ಮಾಡಿದ ನರ್ಸ್ ಕೂಡ ಉಳಿಯಲಿಲ್ಲ. 2021ರಲ್ಲಿ ಅದೇ ಜಿಲ್ಲೆಯ ಒಬ್ಬ ಹುಡುಗ, 2023ರಲ್ಲಿ ಇಬ್ಬರು, 2024ರಲ್ಲಿ ಮಲಪ್ಪುರದಲ್ಲಿ ಇಬ್ಬರು ತೀರಿಹೋದರು. ಈ ವೈರಸ್ ಹಣ್ಣು ತಿನ್ನುವ ದೊಡ್ಡ ಬಾವಲಿಯ ಎಂಜಲು, ಮೂತ್ರದಲ್ಲಿರುತ್ತದೆ. ಬಾಂಗ್ಲಾದೇಶದಲ್ಲಿ ಬಾವಲಿ ಬಾಯಿ ಹಾಕಿದ ಈಚಲಿನ ಹಸಿ ರಸ ಕುಡಿದವರಿಗೆ ರೋಗ ತಗಲಿದ್ದು ಗೊತ್ತಾಗಿದೆ.

ಹಾಗಂತ ಮರ ಕಡಿಯಿರಿ, ಪಟಾಕಿ ಸಿಡಿಸಿ ಓಡಿಸಿ ಎನ್ನುವವರ ಮಾತು ಕೇಳಬಾರದು. ಒಂದು ಮರದಿಂದ ಎಬ್ಬಿಸಿದರೆ ಅವು ಹತ್ತು ಕಡೆ ಚದುರುತ್ತವೆ. ಹೆದರಿ, ಹಸಿದು ಬಳಲಿದ ಬಾವಲಿಯಿಂದ ವೈರಸ್ ಹೊರಬೀಳುವ ಅಪಾಯವೂ ಹೆಚ್ಚು. ಹೂವಿಗೆ ಪರಾಗ, ಕಾಡಿಗೆ ಬೀಜ ಹಂಚುವ ಪ್ರಾಣಿ ಅದು. ಬದಲಾಗಬೇಕಾದ್ದು ನಮ್ಮ ಅಭ್ಯಾಸ.

ಹೆಕ್ಕುವುದಾದರೆ ಕೈಗವಸು ಹಾಕಿ ಹೆಕ್ಕಿ, ಆಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಮಕ್ಕಳನ್ನು ಈ ಕೆಲಸಕ್ಕೆ ಕಳಿಸುವುದೇ ಬೇಡ. ಕಚ್ಚಿದ ಪೇರಳೆ, ಮಾವನ್ನು ದನಕ್ಕೂ ಹಾಕಬೇಡಿ, ಹೂತುಬಿಡಿ. ಕಳ್ಳು ಇಳಿಸುವವರು ಗಡಿಗೆಯ ಬಾಯಿ ಮುಚ್ಚಲಿ. ಹಣ್ಣಿನ ವ್ಯಾಪಾರಿಗಳು ಹಲ್ಲಿನ ಗುರುತಿರುವ ಒಂದು ಹಣ್ಣು ಹೋದರೆ ಹೋಯಿತು ಎಂದುಕೊಳ್ಳಲಿ. ಗೂಡೆ ಉಳಿಯಬೇಕಲ್ಲವೆ?

ಇನ್ನೊಂದು ಮಾತು. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದಾಗ ತಲಪಾಡಿಯ ದಾರಿ ಮುಚ್ಚಿ, ಮಂಗಳೂರಿನ ಆಸ್ಪತ್ರೆ ನಂಬಿದ ನಮ್ಮವರು ಪಟ್ಟ ಪಾಡು ಮರೆಯುವಂಥದ್ದಲ್ಲ. 2023ರ ನಿಪಾದಲ್ಲೂ ಗಡಿಯಲ್ಲಿ ತಪಾಸಣೆ ಬಿಗಿಯಾಯಿತು. ಬಾವಲಿಗೆ ಚೆಕ್‌ಪೋಸ್ಟ್ ಇಲ್ಲ, ಗೇಟು ಬಿದ್ದರೆ ಸಿಕ್ಕಿಕೊಳ್ಳುವವರು ನಾವು. ಆದ್ದರಿಂದ ಗಡಿನಾಡಿನ ಎಚ್ಚರಿಕೆಯ ಚೀಟಿ ಮಲಯಾಳದ ಜತೆ ಕನ್ನಡದಲ್ಲೂ ಬರಬೇಕು, ಅದೂ ಜ್ವರ ಬರುವ ಮೊದಲೇ. ಮಲಯಾಳ ಮಾತಾಡಲು ಬಂದರೂ ಓದಲು ಬಾರದ ಹಿರಿಯರು ನಮ್ಮಲ್ಲಿದ್ದಾರೆ. ಅಡಿಕೆ ಹೆಕ್ಕುವ ಕೈ ಅವರದೇ.