ಲೈಡಾರ್ ಆಯ್ಕೆ: ನೆಲಕ್ಕೊಂದು, ನೀರಿಗೊಂದು

ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ ಗಂಗಾವಳಿ ನದಿಯ ಪಾಲಾದ ಲಾರಿ ಪತ್ತೆಯಾದದ್ದು ಸೆಪ್ಟೆಂಬರ್ 25ರಂದು. ಇಂತಹ ದುರಂತಗಳ ಬೆನ್ನಲ್ಲೇ ಲೈಡಾರ್ ಸಮೀಕ್ಷೆಯ ಮಾತು ಕೇಳಿಬರುತ್ತದೆ. ಆದರೆ ಯಾವ ಲೈಡಾರ್ ಎಂಬುದೇ ಮೂಲ ಪ್ರಶ್ನೆ.

ಲೇಸರ್ ಕಿರಣ ಹೋಗಿ ಮರಳುವ ಕಾಲದಿಂದ ದೂರ ಅಳೆಯುವುದು ಈ ಉಪಕರಣದ ತತ್ವ. ವಿಮಾನದಿಂದ ನೆಲ ಅಳೆಯಲು ಹೆಚ್ಚಾಗಿ ಬಳಕೆಯಾಗುವುದು 1064 ನ್ಯಾನೊಮೀಟರ್‌ನ ಅವಕೆಂಪು ಕಿರಣ. ಒಂದೇ ಸ್ಪಂದದ ಹಲವು ಪ್ರತಿಫಲನಗಳನ್ನು ದಾಖಲಿಸುವ ಉಪಕರಣವಾದರೆ, ಎಲೆಗಳ ಸಂದಿಯಲ್ಲಿ ನೆಲ ಮುಟ್ಟಿ ಬಂದ ಕಿರಣಗಳು ಕಾಡಿನಡಿಯ ಹಳೆಯ ಕುಸಿತಗಳ ಗುರುತನ್ನು ತೋರಬಲ್ಲವು. ಡ್ರೋನ್‌ಗೆ ಅಳವಡಿಸುವ 905 ನ್ಯಾನೊಮೀಟರ್‌ನ ಉಪಕರಣಗಳು ಹಗುರ, ಅಗ್ಗ. ವ್ಯಾಪ್ತಿ ಮಾತ್ರ ಕಡಿಮೆ. ಒಂದು ಗುಡ್ಡಕ್ಕೆ ಅವು ಸಾಕು, ಘಟ್ಟದ ಸಾಲಿಗೆ ವಿಮಾನವೇ ಸೂಕ್ತ.

ಅವಕೆಂಪು ಕಿರಣವನ್ನು ನೀರು ಹೀರಿಕೊಳ್ಳುತ್ತದೆ. ನದೀತಳ ಅಳೆಯಲು 532 ನ್ಯಾನೊಮೀಟರ್‌ನ ಹಸಿರು ಕಿರಣ ಬೇಕು. ಅದೂ ನೀರು ತಿಳಿಯಾಗಿದ್ದರೆ. ಮಳೆಗಾಲದ ಕೆಂಪು ನೀರಿನಲ್ಲಿ ಹಸಿರು ಕಿರಣವೂ ಸೋಲುತ್ತದೆ. ಅಲ್ಲಿ ಶಬ್ದತರಂಗ ಆಧರಿಸಿದ ಸೋನಾರ್‌ಗೆ ಮೊರೆ ಹೋಗಬೇಕಾಗುತ್ತದೆ. ಶಿರೂರಿನಲ್ಲಿ ನೌಕಾಪಡೆ ಬಳಸಿದ್ದೂ ಅದನ್ನೇ.

ಅಳೆಯಬೇಕಾದದ್ದು ಏನೆಂದು ಟೆಂಡರ್ ಕರೆಯುವ ಮುನ್ನವೇ ನಿರ್ಧರಿಸದಿದ್ದಲ್ಲಿ, ಎಷ್ಟೇ ದುಬಾರಿಯ ಉಪಕರಣವಾದರೂ ಕುರುಡೇ ಸರಿ.